ಎರವಲು ಹೆಸರು, ಸ್ವಂತ ಮುಷ್ಟಿ: ಬಸ್ಟರ್ ಕೀಟನ್‌ನ ‘ಬ್ಯಾಟ್ಲಿಂಗ್ ಬಟ್ಲರ್’ ಚಿತ್ರದಲ್ಲಿ ಪ್ರಣಯ, ಹಾಸ್ಯ ಮತ್ತು ಪೌರುಷ

ಪೌರುಷವನ್ನು ಕುರಿತ ಹಾಸ್ಯದಲ್ಲಿ ಸ್ಥೂಲವಾಗಿ ಎರಡು ಬಗೆಗಳನ್ನು ಗುರುತಿಸಬಹುದು. ಆಡಿದ್ದನ್ನು ಮಾಡಿ ತೋರಿಸಲಾರದವನನ್ನು ಕಂಡು ನಗುವುದು ಒಂದು ಬಗೆ. ತಾನು ಮಾಡದ ಕಾರ್ಯದ ಕೀರ್ತಿಯನ್ನು ತಲೆಯ ಮೇಲೆ ಹೊತ್ತು ತತ್ತರಿಸುವವನನ್ನು ಕಂಡು ನಗುವುದು ಇನ್ನೊಂದು ಬಗೆ. ಕನ್ನಡದ ಓದುಗರಿಗೆ ಈ ಎರಡೂ ಒಂದೇ ಪಾತ್ರದಲ್ಲಿ ದೊರೆತಿವೆ. ವಿರಾಟಪರ್ವದ ಉತ್ತರಕುಮಾರನು ಅಂತಃಪುರದ ಹೆಂಗಳೆಯರ ಮುಂದೆ ಪರಾಕ್ರಮವನ್ನು ಕೊಚ್ಚಿಕೊಂಡು, ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದವನು. ಕುಮಾರವ್ಯಾಸನ ಕೈಯಲ್ಲಿ ಈ ಪ್ರಸಂಗ ಕನ್ನಡದ ಹಾಸ್ಯದ ಶಿಖರಗಳಲ್ಲಿ ಒಂದಾಯಿತು. ‘ಉತ್ತರನ ಪೌರುಷ’ ಎಂಬ ನುಡಿಗಟ್ಟು ಮನೆಮಾತಾಯಿತು. ಆದರೆ ಈ ನುಡಿಗಟ್ಟು ಕಥೆಯ ಮೊದಲರ್ಧವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿದೆ. ಬೃಹನ್ನಳೆಯ ವೇಷದ ಅರ್ಜುನನು ಯುದ್ಧವನ್ನು ಗೆದ್ದ ಮೇಲೆ ನಗರವೆಲ್ಲ ಉತ್ತರನನ್ನೇ ವಿಜಯಿಯೆಂದು ಸ್ವಾಗತಿಸುತ್ತದೆ. ಗೆಲುವು ಬೃಹನ್ನಳೆಯದೆಂದ ಕಂಕನ ಮುಖದ ಮೇಲೆ ವಿರಾಟನು ದಾಳವನ್ನೆಸೆದು ರಕ್ತ ಬರಿಸುತ್ತಾನೆ. ಅಲ್ಲಿ ನಗೆ ನಿಂತು ಒಂದು ಇರುಸುಮುರುಸು ಆರಂಭವಾಗುತ್ತದೆ. ಹೆಸರು ಒಬ್ಬನದು, ಗೆಲುವು ಇನ್ನೊಬ್ಬನದು, ಪೆಟ್ಟು ಮೂರನೆಯವನದು.

ಅಮೆರಿಕದ ಮೂಕಿ ಚಿತ್ರಗಳ ಕಾಲದಲ್ಲಿ, 1926ರಲ್ಲಿ ತೆರೆಕಂಡ ಬಸ್ಟರ್ ಕೀಟನ್‌ನ ‘ಬ್ಯಾಟ್ಲಿಂಗ್ ಬಟ್ಲರ್’ ಇದೇ ಇರುಸುಮುರುಸಿನ ಸುತ್ತ ಹೆಣೆದ ಪ್ರಣಯ ಹಾಸ್ಯ ಚಿತ್ರ. ಬಾಕ್ಸಿಂಗ್ ಲೋಕವನ್ನು ಹಿನ್ನೆಲೆಯಾಗಿಟ್ಟುಕೊಂಡ ಹಾಸ್ಯ ಚಿತ್ರಗಳಲ್ಲಿ ಇದಕ್ಕೆ ವಿಶಿಷ್ಟ ಸ್ಥಾನವಿದೆ. ಬಿಡುಗಡೆಯಾದ ಕಾಲದಲ್ಲಿ ಇದು ಕೀಟನ್‌ನ ಬಹಳ ಜನಪ್ರಿಯ ಚಿತ್ರಗಳಲ್ಲಿ ಒಂದಾಗಿತ್ತು. ಆದರೆ ಕಾಲಾನಂತರದ ವಿಮರ್ಶೆಯು ‘ಷರ್ಲಾಕ್ ಜೂನಿಯರ್’ (1924), ‘ದಿ ನ್ಯಾವಿಗೇಟರ್’ (1924) ಹಾಗೂ ‘ದಿ ಜನರಲ್’ ಚಿತ್ರಗಳಿಗೆ ಕೊಟ್ಟ ಗೌರವವನ್ನು ಇದಕ್ಕೆ ಕೊಡಲಿಲ್ಲ. ಅದಕ್ಕೆ ಮುಖ್ಯ ಕಾರಣ ಚಿತ್ರದ ಕೊನೆಯಲ್ಲಿ ಬರುವ ಹೊಡೆದಾಟ. ಅಲ್ಲಿಯವರೆಗೆ ಹಗುರವಾಗಿ ಸಾಗಿದ ಕಥೆ ಆ ಒಂದು ದೃಶ್ಯದಲ್ಲಿ ಇದ್ದಕ್ಕಿದ್ದಂತೆ ಕ್ರೂರವಾಗುತ್ತದೆ. ಹಾಸ್ಯದ ಬಂಧ ಒಡೆಯುತ್ತದೆ ಎಂಬುದು ಆಕ್ಷೇಪ. ಈ ಆಕ್ಷೇಪವನ್ನು ಪರಿಶೀಲಿಸಿ, ಆ ಹೊಡೆದಾಟವು ಚಿತ್ರದ ದೋಷವೂ ಅಲ್ಲ, ನಾಯಕನ ಪೌರುಷದ ವಿಜಯೋತ್ಸವವೂ ಅಲ್ಲ, ಎರವಲು ತಂದ ಹೆಸರಿನ ಸಾಲವನ್ನು ತೀರಿಸುವ ಘಟ್ಟ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಜೋಸೆಫ್ ಫ್ರಾಂಕ್ ಕೀಟನ್ (1895–1966) ಹುಟ್ಟಿದ್ದು ಅಮೆರಿಕದ ಕನ್ಸಾಸ್ ಸಂಸ್ಥಾನದ ಪಿಕ್ವಾ ಎಂಬ ಊರಿನಲ್ಲಿ. ತಂದೆತಾಯಿಗಳು ಊರೂರು ತಿರುಗುವ ವಿನೋದ ರಂಗಭೂಮಿಯ ಕಲಾವಿದರು. ‘ತ್ರೀ ಕೀಟನ್ಸ್’ ಎಂಬ ಅವರ ಕುಟುಂಬದ ಆಟದಲ್ಲಿ ತಂದೆಯು ಮಗನನ್ನು ರಂಗದ ಮೇಲೆ ಎತ್ತಿ ಎಸೆಯುವುದೇ ಮುಖ್ಯ ಆಕರ್ಷಣೆಯಾಗಿತ್ತು. ಬಿದ್ದವನು ಮುಖದಲ್ಲಿ ಯಾವ ಭಾವವನ್ನೂ ತೋರದಿದ್ದರೆ ಪ್ರೇಕ್ಷಕರು ಹೆಚ್ಚು ನಗುತ್ತಾರೆ ಎಂಬುದನ್ನು ಹುಡುಗ ಬಾಲ್ಯದಲ್ಲಿಯೇ ಕಲಿತ. ಮುಂದೆ ಅವನ ಗುರುತಾಗಿ ಉಳಿದ ನಿರ್ವಿಕಾರ ಮುಖದ ಮೂಲ ಇಲ್ಲಿದೆ. ಪೆಟ್ಟು ಮತ್ತು ನಗೆಯ ನಡುವಣ ಸಂಬಂಧವನ್ನು ಕೀಟನ್ ಮೈಯಿಂದಲೇ ಕಲಿತವನು ಎಂಬುದು ‘ಬ್ಯಾಟ್ಲಿಂಗ್ ಬಟ್ಲರ್’ ಚಿತ್ರದ ಅಧ್ಯಯನಕ್ಕೆ ಬಹಳ ಮುಖ್ಯ. 1917ರಲ್ಲಿ ರಾಸ್ಕೋ ಆರ್ಬಕಲ್‌ನ ಜೊತೆಗೂಡಿ ಚಿತ್ರರಂಗ ಪ್ರವೇಶಿಸಿದ ಕೀಟನ್, 1920ರ ದಶಕದಲ್ಲಿ ತನ್ನದೇ ಚಿತ್ರಗಳನ್ನು ಮಾಡತೊಡಗಿದ.

ಈ ಚಿತ್ರದ ಮೂಲ ಒಂದು ಸಂಗೀತ ನಾಟಕ. ಸ್ಟ್ಯಾನ್ಲಿ ಬ್ರೈಟ್‌ಮನ್ ಮತ್ತು ಆಸ್ಟಿನ್ ಮೆಲ್‌ಫರ್ಡ್ ಬರೆದ ಅದು 1922ರಲ್ಲಿ ಲಂಡನ್ನಿನಲ್ಲಿಯೂ 1923ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿಯೂ ಪ್ರದರ್ಶನಗೊಂಡಿತ್ತು. ಹಾಡುಗಳನ್ನೇ ನೆಚ್ಚಿದ್ದ ನಾಟಕವೊಂದು ಮೂಕಿ ಚಿತ್ರವಾಗುವಾಗ ಹಾಡು ಹೋಗಿ ಮೈ ಉಳಿಯುತ್ತದೆ. ಕೀಟನ್ ಮಾಡಿದ ಅತಿ ಮುಖ್ಯ ಬದಲಾವಣೆ ಕೊನೆಯದು. ನಾಟಕದ ನಾಯಕನಿಗೆ ಹೊಡೆದಾಡುವ ಪ್ರಸಂಗವೇ ಬರುವುದಿಲ್ಲ. ಏಳು ರೀಲುಗಳುದ್ದಕ್ಕೂ ಕಾಳಗದ ನಿರೀಕ್ಷೆಯನ್ನು ಬೆಳೆಸಿ ಪ್ರೇಕ್ಷಕರನ್ನು ಬರಿಗೈಯಲ್ಲಿ ಕಳುಹಿಸುವುದು ಸಾಧ್ಯವಿರಲಿಲ್ಲ ಎಂಬ ಅರ್ಥದ ಮಾತನ್ನು ಕೀಟನ್ ಅನಂತರದ ವರ್ಷಗಳಲ್ಲಿ ಆಡಿದ್ದುಂಟು. ಆದರೆ ಕಾಳಗವನ್ನು ಸೇರಿಸಿದ ರೀತಿ ಕೇವಲ ನಿರೀಕ್ಷೆಯನ್ನು ಪೂರೈಸುವಂಥದಲ್ಲ.

ಕಾಲದ ಸಂದರ್ಭವನ್ನೂ ಗಮನಿಸಬೇಕು. 1920ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ವಾಕರ್ ಕಾನೂನಿನ ಮೂಲಕ ವೃತ್ತಿಪರ ಬಾಕ್ಸಿಂಗ್‌ಗೆ ವ್ಯವಸ್ಥಿತ ಮಾನ್ಯತೆ ನೀಡಿತು. 1921ರಲ್ಲಿ ಜಾಕ್ ಡೆಂಪ್ಸಿ ಮತ್ತು ಫ್ರಾನ್ಸಿನ ಜಾರ್ಜ್ ಕಾರ್ಪೆಂತಿಯೇ ನಡುವಣ ಸ್ಪರ್ಧೆಯ ಟಿಕೆಟ್ ಹಣ ಮೊದಲ ಬಾರಿಗೆ 10 ಲಕ್ಷ ಡಾಲರ್ ದಾಟಿತು. ‘ಬ್ಯಾಟ್ಲಿಂಗ್ ಬಟ್ಲರ್’ ತೆರೆಕಂಡ 1926ರಲ್ಲಿಯೇ ಫಿಲಡೆಲ್ಫಿಯಾದಲ್ಲಿ ಜೀನ್ ಟನ್ನಿಯು ಡೆಂಪ್ಸಿಯನ್ನು ಸೋಲಿಸಿ ಹೆವಿವೆಯ್ಟ್ ಪಟ್ಟವನ್ನು ಗೆದ್ದ. ಮುಷ್ಟಿಮಲ್ಲನೊಬ್ಬನ ಹೆಸರು ಪತ್ರಿಕೆಗಳ ಮೂಲಕ ದೇಶದ ಮೂಲೆಮೂಲೆಯನ್ನು ಮುಟ್ಟುತ್ತಿದ್ದ, ಆದರೆ ಅವನ ಮುಖ ಹೆಸರಿನಷ್ಟು ಪರಿಚಿತವಾಗಿರದಿದ್ದ ಕಾಲವದು. ಬೆಟ್ಟಸೀಮೆಯ ಒಂದು ಕುಟುಂಬವು ಪತ್ರಿಕೆಯಲ್ಲಿ ಕಂಡ ಹೆಸರನ್ನು ಎದುರಿಗೆ ನಿಂತ ಯಾರದೋ ಮೈಗೆ ಅಂಟಿಸಿಬಿಡಬಹುದಾದ ಕಾಲ. ಚಿತ್ರದ ಕಥೆ ನಿಂತಿರುವುದು ಈ ಬಿರುಕಿನಲ್ಲಿ.

ಏರ್ಪಾಡಿನ ಬದುಕು

ಕಥಾನಾಯಕ ಆಲ್‌ಫ್ರೆಡ್ ಬಟ್ಲರ್ ಸಿರಿವಂತ ಮನೆತನದ ಸುಕುಮಾರ. ಅವನ ಸಿಗರೇಟಿನ ಬೂದಿಯನ್ನು ಕೂಡ ಸೇವಕ ಮಾರ್ಟಿನ್ ಕೊಡವಬೇಕು. ಮಗನಿಗೆ ಗಂಡಸುತನ ಬರಲೆಂದು ತಂದೆಯು ಅವನನ್ನು ಬೇಟೆಗೆ, ಮೀನು ಹಿಡಿಯುವುದಕ್ಕೆ ಬೆಟ್ಟಗಳ ಕಡೆಗೆ ಅಟ್ಟುತ್ತಾನೆ. ಆಲ್‌ಫ್ರೆಡ್ ಮಾಡುವುದು ಒಂದೇ ಕೆಲಸ: ಸೇವಕನ ಕಡೆಗೆ ತಿರುಗಿ, ಅದನ್ನು ಏರ್ಪಾಡು ಮಾಡು ಎನ್ನುವುದು. ಮಾರ್ಟಿನ್ ಏರ್ಪಾಡು ಮಾಡುತ್ತಾನೆ. ಕಾಡಿನ ನಡುವೆ ಎದ್ದು ನಿಲ್ಲುವ ಡೇರೆಯೊಳಗೆ ಮಂಚವಿದೆ, ಸ್ನಾನದ ಅನುಕೂಲವಿದೆ, ರಾತ್ರಿಯೂಟಕ್ಕೆ ಬೇಕಾದ ಉಡುಪಿದೆ. ಪಟ್ಟಣದ ಮನೆ ಹಾಗೆಯೇ ಕಾಡಿಗೆ ಬಂದು ಕುಳಿತಂತಿದೆ.

ಈ ಭಾಗದ ಹಾಸ್ಯವನ್ನು ಕೀಟನ್ ಬಹಳ ನಿರಾಡಂಬರವಾಗಿ ರಚಿಸಿದ್ದಾನೆ. ಆಲ್‌ಫ್ರೆಡ್ ಬಂದೂಕು ಹಿಡಿದು ಬೇಟೆಗೆ ಹೊರಡುತ್ತಾನೆ. ಅವನ ಹಿಂದೆಮುಂದೆ ಪ್ರಾಣಿಗಳು ನಿಶ್ಚಿಂತವಾಗಿ ಸುಳಿದಾಡುತ್ತವೆ. ಅವನಿಗೆ ಒಂದೂ ಕಾಣುವುದಿಲ್ಲ. ಪ್ರೇಕ್ಷಕನಿಗೆ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತದೆ. ಕ್ಯಾಮೆರಾ ದೂರ ನಿಂತು ನೋಡುತ್ತದೆ; ನಗಬೇಕೆಂದು ಒತ್ತಾಯಿಸುವುದಿಲ್ಲ. ಈ ದೂರವೇ ಕೀಟನ್‌ನ ಶೈಲಿಯ ಜೀವಾಳ. ತನ್ನ ಸುತ್ತಲಿನ ಲೋಕವನ್ನು ನೋಡದೆಯೇ ಬದುಕಿರುವವನ ಸ್ಥಿತಿಯನ್ನು ಒಂದು ಮಾತೂ ಇಲ್ಲದೆ ಆ ಚೌಕಟ್ಟು ಹೇಳುತ್ತದೆ.

ಅಲ್ಲಿಯೇ ಅವನಿಗೆ ಬೆಟ್ಟಸೀಮೆಯ ಹುಡುಗಿಯೊಬ್ಬಳ ಪರಿಚಯವಾಗುತ್ತದೆ. ಸ್ಯಾಲಿ ಒ’ನೀಲ್ ಅಭಿನಯಿಸಿರುವ ಈ ಪಾತ್ರಕ್ಕೆ ಚಿತ್ರದಲ್ಲಿ ಹೆಸರಿಲ್ಲ. ಹೆಸರಿನ ಕುರಿತೇ ಇರುವ ಚಿತ್ರದಲ್ಲಿ ನಾಯಕಿಗೆ ಹೆಸರಿಲ್ಲದಿರುವುದು ಗಮನಿಸಬೇಕಾದ ಸಂಗತಿ. ಮೊದಲ ಭೇಟಿ ಗುರಿತಪ್ಪಿದ ಗುಂಡಿನಿಂದ, ಜಗಳದಿಂದ ಆರಂಭವಾಗುತ್ತದೆ. ಬೇಗನೆ ಸ್ನೇಹವಾಗಿ ಒಲವಾಗುತ್ತದೆ. ಆಲ್‌ಫ್ರೆಡ್ ಮದುವೆಯಾಗಲು ನಿಶ್ಚಯಿಸುತ್ತಾನೆ. ಆಗಲೂ ಅವನು ಮಾಡುವುದು ಅದನ್ನೇ: ಏರ್ಪಾಡು ಮಾಡು ಎಂದು ಮಾರ್ಟಿನ್‌ಗೆ ಹೇಳುವುದು. ಪ್ರಣಯ ನಿವೇದನೆಯನ್ನು ಕೂಡ ಸೇವಕನೇ ಮಾಡಬೇಕು. ಸ್ನಿಟ್ಜ್ ಎಡ್ವರ್ಡ್ಸ್ ಎಂಬ ಕುಳ್ಳ ದೇಹದ ನಟನು ನಿರ್ವಹಿಸಿದ ಈ ಸೇವಕನ ಪಾತ್ರ ಸಂಸ್ಕೃತ ನಾಟಕಗಳ ವಿದೂಷಕನನ್ನು ನೆನಪಿಸುತ್ತದೆ. ಒಡೆಯನ ಪ್ರಣಯಕ್ಕೆ ದಾರಿ ಮಾಡುವವನು ಅವನೇ. ತೊಡಕನ್ನು ತರುವವನೂ ಅವನೇ.

ಹುಡುಗಿಯ ತಂದೆ ಮತ್ತು ಅಣ್ಣ ಆಜಾನುಬಾಹುಗಳು. ಇಂಥ ಮೆತ್ತನೆಯ ಆಳು ತನ್ನನ್ನೇ ಕಾಪಾಡಿಕೊಳ್ಳಲಾರ, ಹೆಂಡತಿಯನ್ನು ಹೇಗೆ ಕಾಪಾಡಿಯಾನು ಎಂಬುದು ಅವರ ತಿರಸ್ಕಾರ. ಆ ಹೊತ್ತಿಗೆ ಪತ್ರಿಕೆಯಲ್ಲಿ ‘ಬ್ಯಾಟ್ಲಿಂಗ್ ಬಟ್ಲರ್’ ಎಂದು ಖ್ಯಾತನಾದ, ಲೈಟ್‌ವೆಯ್ಟ್ ಪಟ್ಟಕ್ಕಾಗಿ ಹೋರಾಡಲಿರುವ ಬಾಕ್ಸರ್ ಒಬ್ಬನ ಸುದ್ದಿ ಇರುತ್ತದೆ. ಅವನ ಹೆಸರೂ ಆಲ್‌ಫ್ರೆಡ್ ಬಟ್ಲರ್. ಮಾರ್ಟಿನ್ ಪತ್ರಿಕೆಯನ್ನು ತೋರಿಸಿ, ನಮ್ಮ ಯಜಮಾನರೇ ಇವರು ಎಂದುಬಿಡುತ್ತಾನೆ. ತಿರಸ್ಕಾರ ಕ್ಷಣಾರ್ಧದಲ್ಲಿ ಗೌರವವಾಗುತ್ತದೆ.

ಈ ಸುಳ್ಳು ಆಲ್‌ಫ್ರೆಡ್‌ನ ಬಾಯಿಂದ ಬಂದುದಲ್ಲ ಎಂಬುದು ಚಿತ್ರದ ನೈತಿಕ ವಿನ್ಯಾಸದಲ್ಲಿ ಬಹಳ ಮುಖ್ಯ. ಉತ್ತರಕುಮಾರ ತಾನೇ ಕೊಚ್ಚಿಕೊಂಡ. ಆಲ್‌ಫ್ರೆಡ್‌ನ ಬಡಾಯಿಯನ್ನೂ ಬೇರೆಯವರೇ ಕೊಚ್ಚಬೇಕು. ಊಟ, ಉಡುಪು, ಡೇರೆಗಳಂತೆ ಪೌರುಷವೂ ಸೇವಕನು ಒದಗಿಸಿದ ಒಂದು ಅನುಕೂಲ. ಹಣವಿದ್ದವನು ಎಲ್ಲವನ್ನೂ ಇನ್ನೊಬ್ಬರ ಕೈಯಿಂದ ಮಾಡಿಸಿಕೊಳ್ಳಬಹುದಾದ ವ್ಯವಸ್ಥೆಯಲ್ಲಿ ಧೈರ್ಯವೊಂದನ್ನು ಮಾತ್ರ ಹಾಗೆ ಮಾಡಿಸಿಕೊಳ್ಳಲಾಗದು ಎಂಬ ಸತ್ಯದತ್ತ ಚಿತ್ರ ಇಲ್ಲಿಂದ ಹೆಜ್ಜೆಯಿಡುತ್ತದೆ.

ಹೆಸರಿನ ಸಾಲ

ಮಾರ್ಟಿನ್‌ನ ಲೆಕ್ಕಾಚಾರ ಸರಳವಾದುದು. ಬಾಕ್ಸರ್ ಬಟ್ಲರ್ ಪಟ್ಟದ ಕಾಳಗದಲ್ಲಿ ಸೋಲುವುದು ಖಚಿತ. ಸೋತವನ ಹೆಸರು ಪತ್ರಿಕೆಗಳಿಂದ ಮಾಯವಾಗುತ್ತದೆ. ಸುಳ್ಳೂ ತಾನಾಗಿ ಅಡಗುತ್ತದೆ. ಆದರೆ ಬಾಕ್ಸರ್ ಗೆದ್ದು ಚಾಂಪಿಯನ್ ಆಗುತ್ತಾನೆ. ಪರರ ಗೆಲುವು ತನ್ನ ಪಾಲಿನ ಅನಾಹುತವಾಗುವ ಈ ವಿಪರ್ಯಾಸವೇ ಕಥೆಯ ತಿರುವು. ಆಲ್‌ಫ್ರೆಡ್ ಬೆಟ್ಟಗಳಿಗೆ ಮರಳಿದಾಗ ಊರವರು ವಾದ್ಯ ನುಡಿಸಿ ಅವನನ್ನು ಮೆರೆಸುತ್ತಾರೆ. ನಿಜ ಹೇಳುವ ಧೈರ್ಯವಾಗುವುದಿಲ್ಲ, ಮದುವೆಯೂ ನಡೆದುಹೋಗುತ್ತದೆ. ವಿರಾಟನಗರದ ಸ್ವಾಗತ ಇಲ್ಲಿ ನೆನಪಾಗದೆ ಇರದು.

ಬಾಕ್ಸರ್ ಮುಂದೆ ‘ಅಲಬಾಮಾದ ಕೊಲೆಗಡುಕ’ ಎಂಬ ಭಯಂಕರ ಬಿರುದಿನ ಪ್ರತಿಸ್ಪರ್ಧಿಯನ್ನು ಎದುರಿಸಬೇಕಾಗಿದೆ. ಸುಳ್ಳನ್ನು ಉಳಿಸಿಕೊಳ್ಳಲು ಆಲ್‌ಫ್ರೆಡ್ ಮನೆ ಬಿಟ್ಟು ತರಬೇತಿ ಶಿಬಿರದ ಹತ್ತಿರ ಹೋಗಿ ಇರಬೇಕಾಗುತ್ತದೆ. ತನ್ನನ್ನು ಹೊಡೆದಾಟದ ಮೃಗವಾಗಿ ನೋಡಬೇಡ, ಬರಬೇಡ ಎಂದು ಹೆಂಡತಿಗೆ ಹೇಳಿದರೂ ಅವಳು ಹಿಂಬಾಲಿಸಿ ಬರುತ್ತಾಳೆ. ಅಲ್ಲಿ ನಿಜವಾದ ಬಾಕ್ಸರ್ ಇದ್ದಾನೆ, ಅವನ ಹೆಂಡತಿ ಇದ್ದಾಳೆ. ಹೀಗೆ ಒಂದು ಹೆಸರಿಗೆ ಇಬ್ಬರು ಗಂಡಸರು, ‘ಬ್ಯಾಟ್ಲಿಂಗ್ ಬಟ್ಲರ್‌ನ ಹೆಂಡತಿ’ ಎಂಬ ಗುರುತಿಗೆ ಇಬ್ಬರು ಹೆಂಗಸರು. ಫ್ರಾನ್ಸಿಸ್ ಮ್ಯಾಕ್‌ಡೊನಾಲ್ಡ್ ನಟಿಸಿದ ಬಾಕ್ಸರ್ ಮತ್ಸರದ ಸ್ವಭಾವದವನು. ತನ್ನ ಹೆಂಡತಿಯೊಡನೆ ಆಲ್‌ಫ್ರೆಡ್‌ಗೆ ಸಂಬಂಧವಿದೆಯೆಂದು ಅನುಮಾನಿಸಿ, ಸೇಡಿನ ಉಪಾಯವೊಂದನ್ನು ಹೂಡುತ್ತಾನೆ: ಹೆಸರು ಬೇಕೆಂದವನು ಹೆಸರಿನ ಕೆಲಸವನ್ನೂ ಮಾಡಲಿ, ಕೊಲೆಗಡುಕನ ಜೊತೆ ಅವನೇ ಕಾದಾಡಲಿ.

ಇಲ್ಲಿಂದ ಮುಂದಿನ ತರಬೇತಿಯ ದೃಶ್ಯಗಳು ಶುದ್ಧ ದೈಹಿಕ ಹಾಸ್ಯಕ್ಕೆ ಮಾದರಿ. ಕಣದೊಳಕ್ಕೆ ಹೋಗುವುದೇ ಆಲ್‌ಫ್ರೆಡ್‌ಗೆ ಒಂದು ಸಮಸ್ಯೆ. ಹಗ್ಗಗಳು ಕೈಕಾಲುಗಳನ್ನು ಸುತ್ತಿಕೊಳ್ಳುತ್ತವೆ. ತನ್ನ ಇತರ ಚಿತ್ರಗಳಲ್ಲಿ ಹಡಗು, ರೈಲುಗಳೊಡನೆ ಸೆಣಸಿದ ಕೀಟನ್, ಇಲ್ಲಿ ಮೂರು ಹಗ್ಗಗಳೊಡನೆ ಅಷ್ಟೇ ಗಂಭೀರವಾಗಿ ಸೆಣಸುತ್ತಾನೆ. ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ವೀರಾಭಾಸ. ರಸಗಳ ಆಭಾಸದಿಂದ ಹಾಸ್ಯ ಹುಟ್ಟುತ್ತದೆ ಎಂಬ ಅಭಿನವಗುಪ್ತನ ವಿವರಣೆಗೆ ಈ ದೃಶ್ಯಗಳು ಒಳ್ಳೆಯ ನಿದರ್ಶನ. ವೀರನ ಉಡುಪಿದೆ, ವೀರನ ಹೆಸರಿದೆ, ವೀರನಿಗೆ ಸಲ್ಲುವ ಗೌರವವಿದೆ; ವೀರದ ಸ್ಥಾಯಿಯಾದ ಉತ್ಸಾಹವೊಂದು ಮಾತ್ರ ಇಲ್ಲ. ಅದರ ಜಾಗದಲ್ಲಿ ಭಯವಿದೆ.

ಕಣದ ಹಾಸ್ಯ: ಮೂರು ಮಾರ್ಗಗಳು

ಬಾಕ್ಸಿಂಗ್ ಕಣವನ್ನು ಹಾಸ್ಯಕ್ಕೆ ಬಳಸಿಕೊಂಡವರಲ್ಲಿ ಕೀಟನ್ ಒಬ್ಬನೇ ಅಲ್ಲ. ಚಾರ್ಲಿ ಚಾಪ್ಲಿನ್ ‘ದಿ ಚಾಂಪಿಯನ್’ (1915) ಚಿತ್ರದಲ್ಲಿಯೂ ‘ಸಿಟಿ ಲೈಟ್ಸ್’ (1931) ಚಿತ್ರದಲ್ಲಿಯೂ ಕಣಕ್ಕಿಳಿದಿದ್ದಾನೆ. ‘ಸಿಟಿ ಲೈಟ್ಸ್’ನ ಅಲೆಮಾರಿಯು ಅಂಧ ಹುಡುಗಿಗೆ ಹಣ ಒದಗಿಸುವುದಕ್ಕಾಗಿ ಕಾದಾಡುತ್ತಾನೆ. ಪ್ರತಿಸ್ಪರ್ಧಿಗೆ ಎದುರಾಗದಂತೆ ರೆಫರಿಯ ಬೆನ್ನ ಹಿಂದೆ ಅಡಗುತ್ತ, ಮೂವರೂ ಒಂದೇ ತಾಳಕ್ಕೆ ಹೆಜ್ಜೆ ಹಾಕುವಂತೆ ಮಾಡುತ್ತಾನೆ. ಅಲ್ಲಿ ಕಾಳಗ ನೃತ್ಯವಾಗುತ್ತದೆ. ಅಲೆಮಾರಿ ಸೋಲುತ್ತಾನೆ, ಆದರೆ ಪೆಟ್ಟಿನ ನೋವು ಪ್ರೇಕ್ಷಕನನ್ನು ತಟ್ಟುವುದಿಲ್ಲ, ತಟ್ಟುವುದು ಅವನ ಉದ್ದೇಶದ ಕಾರುಣ್ಯ.

ಹೆರಾಲ್ಡ್ ಲಾಯ್ಡ್ ನಟಿಸಿ, ಲಿಯೋ ಮೆಕೇರಿ ನಿರ್ದೇಶಿಸಿದ ‘ದಿ ಮಿಲ್ಕಿ ವೇ’ (1936) ಚಿತ್ರದ ಕಥೆ ‘ಬ್ಯಾಟ್ಲಿಂಗ್ ಬಟ್ಲರ್’ಗೆ ಹೆಚ್ಚು ಸಮೀಪವಾದುದು. ಹಾಲು ಹಂಚುವ ಅಂಜುಬುರುಕ ಯುವಕನೊಬ್ಬ ಪೆಟ್ಟಿನಿಂದ ತಪ್ಪಿಸಿಕೊಳ್ಳಲು ತಲೆ ಬಗ್ಗಿಸುತ್ತಾನೆ. ಚಾಂಪಿಯನ್‌ಗೆ ಅವನ ಕಡೆಯವನದೇ ಪೆಟ್ಟು ಬಿದ್ದು ಉರುಳುತ್ತಾನೆ. ಕೀರ್ತಿ ಮಾತ್ರ ಹಾಲಿನವನಿಗೆ. ಅಲ್ಲಿಂದ ಮುಂದೆ ವ್ಯವಸ್ಥಾಪಕನೊಬ್ಬ ಮೊದಲೇ ನಿಗದಿಯಾದ ಸ್ಪರ್ಧೆಗಳನ್ನು ಏರ್ಪಡಿಸಿ ಅವನನ್ನು ವೀರನನ್ನಾಗಿ ಬೆಳೆಸುತ್ತಾನೆ. ಇದೇ ಕಥೆಯು 1946ರಲ್ಲಿ ಡ್ಯಾನಿ ಕೇ ನಟಿಸಿದ ‘ದಿ ಕಿಡ್ ಫ್ರಂ ಬ್ರೂಕ್‌ಲಿನ್’ ಎಂಬ ಚಿತ್ರವಾಗಿ ಮರುಹುಟ್ಟು ಪಡೆಯಿತು. ಲಾಯ್ಡ್‌ನ ಮಾರ್ಗದಲ್ಲಿ ಕಾಳಗವು ಯುಕ್ತಿಯಾಗುತ್ತದೆ. ಸುಳ್ಳಿನಿಂದ ಆರಂಭವಾದ ಕೀರ್ತಿ ಮತ್ತಷ್ಟು ಆಕಸ್ಮಿಕಗಳಿಂದಲೇ ದಡ ಸೇರುತ್ತದೆ. ಪ್ರೇಕ್ಷಕನು ಹಗುರ ಮನಸ್ಸಿನಿಂದ ಎದ್ದು ಹೋಗಬಹುದು.

ಕೀಟನ್‌ನದು ಮೂರನೆಯ ಮಾರ್ಗ. ಅವನಲ್ಲಿ ಕಾಳಗ ಕೊನೆಗೆ ಕಾಳಗವೇ ಆಗುತ್ತದೆ. ನೃತ್ಯದ ಲಯವಾಗಲಿ ಯುಕ್ತಿಯ ಮರೆಯಾಗಲಿ ಅಲ್ಲಿಲ್ಲ. ಉಳಿದಿಬ್ಬರು ಹಾಸ್ಯವನ್ನು ಕಾಪಾಡಿಕೊಂಡರು. ಕೀಟನ್ ಅದನ್ನು ಒಡೆಯಲು ಬಿಟ್ಟ. ಏಕೆ ಎಂಬ ಪ್ರಶ್ನೆಗೆ ಉತ್ತರ ಆ ದೃಶ್ಯದ ವಿವರಗಳಲ್ಲಿದೆ.

ಬಟ್ಟೆ ಬದಲಿಸುವ ಕೋಣೆಯಲ್ಲಿ

ಕಾಳಗದ ರಾತ್ರಿ ಬರುತ್ತದೆ. ಕಣದ ಹಿಂದಿನ ಕೋಣೆಯಲ್ಲಿ ಆಲ್‌ಫ್ರೆಡ್ ನಡುಗುತ್ತ ತನ್ನ ಸರದಿಗಾಗಿ ಕಾದಿದ್ದಾನೆ. ಹೊರಗೆ ಜನಸಾಗರದ ಗದ್ದಲವಿದೆ. ಆದರೆ ಅವನು ಕಣಕ್ಕೆ ಹೋಗುವ ಪ್ರಸಂಗವೇ ಬರುವುದಿಲ್ಲ. ನಿಜವಾದ ಬಾಕ್ಸರ್ ತಾನೇ ಕಾದಾಡಿ ಗೆದ್ದು ಬರುತ್ತಾನೆ. ಒಬ್ಬನ ಮೇಲಿನ ಸೇಡಿಗಾಗಿ ಪಟ್ಟವನ್ನೇ ಕಳೆದುಕೊಳ್ಳುವಷ್ಟು ಮೂರ್ಖರು ತಾವಲ್ಲವೆಂದು ತರಬೇತುದಾರ ನಗುತ್ತಾನೆ. ವಾರಗಟ್ಟಲೆ ಅನುಭವಿಸಿದ ಭಯವೆಲ್ಲ ಒಂದು ತಮಾಷೆಯಾಗಿತ್ತು. ಆಲ್‌ಫ್ರೆಡ್‌ಗೆ ಬಿಡುಗಡೆಯ ನಿಟ್ಟುಸಿರು. ಮೂಲ ನಾಟಕದ ಜಾಡಿನಲ್ಲಿಯೇ ಹೋಗಿದ್ದರೆ ಹಾಸ್ಯ ಇಲ್ಲಿಗೆ ಮುಗಿಯಬೇಕು.

ಚಿತ್ರ ಮುಗಿಯುವುದಿಲ್ಲ. ಬಾಕ್ಸರ್‌ನ ಸೇಡು ಇನ್ನೂ ಉಳಿದಿದೆ. ಅವನು ಆ ಇಕ್ಕಟ್ಟಾದ ಕೋಣೆಯಲ್ಲಿ ಆಲ್‌ಫ್ರೆಡ್‌ನನ್ನು ಹೊಡೆಯತೊಡಗುತ್ತಾನೆ. ಇದು ತರಬೇತಿಯ ಹೊಡೆತಗಳಂತಲ್ಲ. ಮುಖಕ್ಕೆ, ಹೊಟ್ಟೆಗೆ ಬೀಳುವ ನಿಜವಾದ ಏಟುಗಳು. ಆಲ್‌ಫ್ರೆಡ್ ಬೀಳುತ್ತಾನೆ, ಏಳುತ್ತಾನೆ, ಓಡಲು ಎಡೆ ಹುಡುಕುತ್ತಾನೆ. ಆಗ ಬಾಗಿಲ ಬಳಿ ನಿಂತು ನೋಡುತ್ತಿರುವ ಹೆಂಡತಿ ಅವನ ಕಣ್ಣಿಗೆ ಬೀಳುತ್ತಾಳೆ. ಅವನೊಳಗೆ ಏನೋ ಮುರಿದು ಬೀಳುತ್ತದೆ. ತಿರುಗಿ ನಿಂತು ಹೊಡೆಯಲಾರಂಭಿಸುತ್ತಾನೆ. ಚಾಂಪಿಯನ್ ಕುಸಿದರೂ ನಿಲ್ಲಿಸುವುದಿಲ್ಲ. ಇತರರು ಹಿಡಿದೆಳೆಯುವವರೆಗೂ ಹೊಡೆಯುತ್ತಲೇ ಇರುತ್ತಾನೆ.

ಈ ದೃಶ್ಯದಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದು ಸ್ಥಳ. ಅಲ್ಲಿ ಕಣವಿಲ್ಲ, ಗಂಟೆಯಿಲ್ಲ, ರೆಫರಿಯಿಲ್ಲ, ಟಿಕೆಟ್ ಕೊಂಡ ಪ್ರೇಕ್ಷಕರಿಲ್ಲ. ಕಣದೊಳಗಿನ ಗೆಲುವು ಹೆಸರಿಗೆ ಸೇರುತ್ತದೆ, ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಕೋಣೆಯೊಳಗಿನ ಈ ಗೆಲುವು ಎಲ್ಲಿಯೂ ದಾಖಲಾಗುವುದಿಲ್ಲ. ಇಡೀ ಚಿತ್ರದಲ್ಲಿ ಆಲ್‌ಫ್ರೆಡ್‌ಗೆ ಗೆಲುವಿಲ್ಲದ ಹೆಸರಿತ್ತು. ಈಗ ಹೆಸರಿಲ್ಲದ ಗೆಲುವು ದೊರೆತಿದೆ.

ಎರಡನೆಯದು ಭಾವ. ವೀರದ ಸ್ಥಾಯಿ ಉತ್ಸಾಹ. ರೌದ್ರದ ಸ್ಥಾಯಿ ಕ್ರೋಧ. ಆಲ್‌ಫ್ರೆಡ್‌ನ ಹೊಡೆತಗಳಲ್ಲಿ ಉತ್ಸಾಹದ ಸುಳಿವಿಲ್ಲ. ಇರುವುದು ಅವಮಾನದಿಂದ ಎದ್ದ ಕುರುಡು ಕ್ರೋಧ. ವೀರಾಭಾಸವು ವೀರವಾಗಿ ಬಲಿಯಲಿಲ್ಲ. ನೇರವಾಗಿ ರೌದ್ರಕ್ಕೆ ಜಿಗಿಯಿತು. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ, ರೌದ್ರದಿಂದ ಕರುಣ ಹುಟ್ಟುತ್ತದೆ ಎಂದು ಭರತನು ಹೇಳಿದ್ದಾನೆ. ಚಿತ್ರದ ಆರಂಭದಲ್ಲಿ ಬೆಟ್ಟದ ಶೃಂಗಾರ ಹಾಸ್ಯವನ್ನು ಹುಟ್ಟಿಸಿತ್ತು. ಕೊನೆಯ ರೌದ್ರವು, ಕುಸಿದ ಎದುರಾಳಿಯನ್ನೂ ಏದುಸಿರು ಬಿಡುತ್ತ ನಿಂತ ಆಲ್‌ಫ್ರೆಡ್‌ನನ್ನೂ ಒಟ್ಟಿಗೆ ನೋಡುವ ಪ್ರೇಕ್ಷಕನಲ್ಲಿ, ಕರುಣವನ್ನೇ ಹುಟ್ಟಿಸುತ್ತದೆ. ನಗುತ್ತ ಕುಳಿತಿದ್ದವನು, ಇಂಥದೊಂದು ಗಂಡಸುತನ ಬರಲೆಂದೇ ತಾನೂ ಕಾದಿದ್ದೆನಲ್ಲವೇ ಎಂದು ಕೇಳಿಕೊಳ್ಳಬೇಕಾಗುತ್ತದೆ. ತಂದೆಯು ಮಗನನ್ನು ಬೆಟ್ಟಕ್ಕೆ ಅಟ್ಟಿದ್ದು ಇದಕ್ಕಾಗಿಯೇ. ಹುಡುಗಿಯ ಮನೆಯವರು ಬಯಸಿದ್ದೂ ಇದನ್ನೇ. ಬಯಸಿದ್ದು ಕಣ್ಣೆದುರು ಬಂದು ನಿಂತಾಗ ಅದು ಸುಂದರವಾಗಿಲ್ಲ.

ಮೂರನೆಯದು ಮೈ. ಕೀಟನ್‌ನ ನಿರ್ವಿಕಾರ ಮುಖ ಈ ಒಂದು ದೃಶ್ಯದಲ್ಲಿ ಸಡಿಲವಾಗುತ್ತದೆ. ಬಾಲ್ಯದಿಂದಲೂ ಪೆಟ್ಟು ತಿಂದು ನಗಿಸಿದ ಮೈ ಅದು. ಪೆಟ್ಟಿಗೆ ನೋವಿದೆ ಎಂಬುದನ್ನು ಆ ಮೈ ಇಲ್ಲಿ ಮರೆಮಾಚುವುದಿಲ್ಲ. ಮಾರ್ಟಿನ್ ಸ್ಕೋರ್ಸೇಸಿಯು ‘ರೇಜಿಂಗ್ ಬುಲ್’ (1980) ಎಂಬ ತನ್ನ ಬಾಕ್ಸಿಂಗ್ ಚಿತ್ರದ ಸಂದರ್ಭದಲ್ಲಿ, ಬಾಕ್ಸಿಂಗ್ ಕುರಿತು ಸರಿಯಾದ ಮನೋಭಾವವಿದ್ದ ಚಿತ್ರಕಾರ ಕೀಟನ್ ಎಂದು ‘ಬ್ಯಾಟ್ಲಿಂಗ್ ಬಟ್ಲರ್’ ಚಿತ್ರವನ್ನು ನೆನೆದದ್ದು ಆಕಸ್ಮಿಕವಲ್ಲ. ಗಂಭೀರ ಬಾಕ್ಸಿಂಗ್ ಚಿತ್ರಗಳು ಹಲವು ಇರುವಾಗ ಹಾಸ್ಯ ಚಿತ್ರವೊಂದು ಅವನಿಗೆ ಹೆಚ್ಚು ಸತ್ಯವಾಗಿ ಕಂಡಿತು.

ಇವುಗಳ ಜೊತೆಗೆ ಕಥೆಯ ಒಳಬಂಧವನ್ನೂ ಸೇರಿಸಿ ನೋಡಬೇಕು. ಮೊದಲ ದೃಶ್ಯದಿಂದಲೂ ಏರ್ಪಾಡು ಮಾಡು ಎಂಬ ಮಾತು ಪಲ್ಲವಿಯಂತೆ ಬಂದಿದೆ. ಬದುಕಿನಲ್ಲಿ ಮೊದಲ ಬಾರಿಗೆ, ಏರ್ಪಾಡು ಮಾಡಲು ಯಾರೂ ಇಲ್ಲದ ಕ್ಷಣವೊಂದು ಆಲ್‌ಫ್ರೆಡ್‌ಗೆ ಎದುರಾಗುವುದು ಆ ಕೋಣೆಯಲ್ಲಿ. ತನ್ನ ಕೈಯಿಂದಲೇ ಮಾಡಬೇಕಾದ ಮೊದಲ ಕೆಲಸ ಅದು. ಹೀಗಾಗಿ ಹೊಡೆದಾಟವು ಹೊರಗಿನಿಂದ ತಂದು ಅಂಟಿಸಿದ ತುದಿಯಲ್ಲ. ಮೊದಲ ಚೌಕಟ್ಟಿನಿಂದಲೇ ಬೆಳೆದು ಬಂದ ತುದಿ.

ಒಪ್ಪಿಗೆಯ ಮಾತು

ಹೊಡೆದಾಟದ ತರುವಾಯ ಆಲ್‌ಫ್ರೆಡ್ ಹೆಂಡತಿಗೆ ನಿಜ ಹೇಳುತ್ತಾನೆ: ತಾನು ಬಾಕ್ಸರ್ ಅಲ್ಲ. ಅವಳು ಕೊಡುವ ಉತ್ತರ ಬಹಳ ಚಿಕ್ಕದು: ತನಗೆ ಸಂತೋಷವೇ ಆಯಿತು. ಇಷ್ಟರಲ್ಲಿ ಪ್ರಣಯದ ಕಥೆ ಇತ್ಯರ್ಥವಾಗುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪಕ್ಕೆ ಎಡೆಯಿದೆ. ಆಲ್‌ಫ್ರೆಡ್ ನಿಜ ಹೇಳಿದ್ದು ಚಾಂಪಿಯನ್‌ನನ್ನು ಕೆಡವಿದ ಮೇಲೆ. ಮೊದಲೇ ಹೇಳಿ, ಪೆಟ್ಟು ತಿಂದು ಬಿದ್ದಿದ್ದರೂ ಅವಳ ಉತ್ತರ ಇದೇ ಆಗಿರುತ್ತಿತ್ತೇ? ಒಲವಿಗೆ ಮುಷ್ಟಿಯೇ ಅರ್ಹತೆ ಎಂಬ ಬೆಟ್ಟಸೀಮೆಯ ನಂಬಿಕೆಯನ್ನೇ ಚಿತ್ರ ಕೊನೆಗೆ ಎತ್ತಿಹಿಡಿಯಿತಲ್ಲವೇ? ಆಕ್ಷೇಪದಲ್ಲಿ ಸತ್ಯಾಂಶವಿದೆ, ಅದನ್ನು ತಳ್ಳಿಹಾಕುವಂತಿಲ್ಲ. 1920ರ ದಶಕದ ಅಮೆರಿಕದ ಜನಪ್ರಿಯ ಚಿತ್ರವೊಂದು ಗಂಡಸುತನದ ಪ್ರಚಲಿತ ಕಲ್ಪನೆಯಿಂದ ಪೂರ್ಣವಾಗಿ ಬಿಡಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಹೆಸರಿಲ್ಲದ ನಾಯಕಿಗೆ ನೋಡುವುದನ್ನು ಬಿಟ್ಟರೆ ಮಾಡಲು ಹೆಚ್ಚಿನದನ್ನು ಚಿತ್ರ ಕೊಡುವುದಿಲ್ಲ ಎಂಬುದೂ ನಿಜ.

ಆದರೆ ಆಕ್ಷೇಪದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಚಾಂಪಿಯನ್‌ನನ್ನು ಕೆಡವಿದ ಆ ಗಳಿಗೆಯಲ್ಲಿ ಸುಳ್ಳು ಹಿಂದೆಂದಿಗಿಂತಲೂ ಸುಭದ್ರವಾಗಿತ್ತು. ಅವಳು ತನ್ನ ಕಣ್ಣಾರೆ ಗಂಡನು ಬಾಕ್ಸರ್‌ನಂತೆ ಹೊಡೆದು ಗೆದ್ದುದನ್ನು ಕಂಡಿದ್ದಾಳೆ. ಇನ್ನು ಸುಮ್ಮನಿದ್ದರೆ ಸಾಕಿತ್ತು; ಹೆಸರು ಅವನದೇ ಆಗುತ್ತಿತ್ತು. ಸುಳ್ಳು ಬಯಲಾಗುವ ಭಯದಿಂದ ಹೇಳಿದ ನಿಜಕ್ಕಿಂತ, ಸುಳ್ಳು ಉಳಿಯಬಹುದಾಗಿದ್ದಾಗ ಹೇಳಿದ ನಿಜಕ್ಕೆ ಬೆಲೆ ಹೆಚ್ಚು. ವಿರಾಟನ ಸಭೆಯಲ್ಲಿ ಉತ್ತರನು ಗೆಲುವು ತನ್ನದಲ್ಲ, ದೇವಪುತ್ರನೊಬ್ಬನದು ಎಂದು ಹೇಳುವಾಗಲೂ ಇಂಥದೇ ಗಳಿಗೆ ಇದೆ. ಅವನು ಬೆಳೆದದ್ದು ಯುದ್ಧರಂಗದಲ್ಲಿ ಅಲ್ಲ, ಆ ಮಾತಿನಲ್ಲಿ. ‘ಬ್ಯಾಟ್ಲಿಂಗ್ ಬಟ್ಲರ್’ ಚಿತ್ರದಲ್ಲಿ ಮುಷ್ಟಿಯ ಕೆಲಸ ಕ್ರೋಧದ್ದು. ಧೈರ್ಯದ ಕೆಲಸ ಅದರ ಮರುಕ್ಷಣದ ಮಾತು. ಮುಷ್ಟಿಯಂತೆ ಮಾತನ್ನೂ ಅವನು ಈ ಬಾರಿ ಸೇವಕನಿಗೆ ಒಪ್ಪಿಸಲಿಲ್ಲ.

ಸಮಾರೋಪ

ಚಿತ್ರದ ಕೊನೆಯ ಬಿಂಬ ಪ್ರಸಿದ್ಧವಾದುದು. ಆಲ್‌ಫ್ರೆಡ್ ತಲೆಗೆ ರೇಷ್ಮೆಯ ಎತ್ತರದ ಟೋಪಿ ಧರಿಸಿ, ಕೈಯಲ್ಲಿ ಬೆತ್ತ ಹಿಡಿದು, ಮೈಮೇಲೆ ಬಾಕ್ಸರ್‌ನ ತುಂಡು ಚಡ್ಡಿಯಲ್ಲಿಯೇ, ಹೆಂಡತಿಯ ತೋಳು ಹಿಡಿದು ರಾತ್ರಿಯ ನಗರದ ಬೀದಿಯಲ್ಲಿ ನಡೆಯುತ್ತಾನೆ. ಸುತ್ತಲಿನ ಜನ ನೋಡುತ್ತಾರೆ. ಅವನಿಗೆ ಅದರ ಪರಿವೆಯಿಲ್ಲ. ರೌದ್ರದ ಅನಂತರ ಹಾಸ್ಯ ಮತ್ತೆ ಬಂದಿದೆ; ಆದರೆ ಹಳೆಯ ಹಾಸ್ಯವಲ್ಲ. ಮೊದಲು ಅವನ ಉಡುಪು ಸದಾ ಸಂದರ್ಭಕ್ಕೆ ತಕ್ಕಂತೆ ಅಚ್ಚುಕಟ್ಟಾಗಿರುತ್ತಿತ್ತು, ಏಕೆಂದರೆ ಅದನ್ನು ಇನ್ನೊಬ್ಬರು ತೊಡಿಸುತ್ತಿದ್ದರು. ಈಗಿನದು ಎಲ್ಲಿಯೂ ಹೊಂದದ ಉಡುಪು, ಆದರೆ ತಾನೇ ತೊಟ್ಟದ್ದು. ಸಿರಿವಂತನ ಟೋಪಿಯನ್ನು ಅವನು ಬಿಸಾಡಲಿಲ್ಲ. ಬಾಕ್ಸರ್‌ನ ಚಡ್ಡಿಯನ್ನು ಕಳಚಲೂ ಇಲ್ಲ. ಎರಡರಲ್ಲಿ ಯಾವುದು ನಿಜವಾದ ಆಲ್‌ಫ್ರೆಡ್ ಎಂಬ ಪ್ರಶ್ನೆಗೆ ಚಿತ್ರ ಉತ್ತರ ಕೊಡದೆ ನಡೆಯಲು ಬಿಡುತ್ತದೆ.

ಕೊನೆಯ ಕಾಳಗದಿಂದ ‘ಬ್ಯಾಟ್ಲಿಂಗ್ ಬಟ್ಲರ್’ ಕೆಟ್ಟಿತು ಎನ್ನುವವರು ಹಾಸ್ಯವೆಂದರೆ ಪೆಟ್ಟಿಗೆ ನೋವಿಲ್ಲದ ಲೋಕ ಎಂದು ಭಾವಿಸಿದವರು. ಆ ಲೋಕಕ್ಕೆ ತನ್ನದೇ ಚೆಲುವಿದೆ. ಚಾಪ್ಲಿನ್‌ನ ಕಣದ ನೃತ್ಯ ಅದರ ಸಾಕ್ಷಿ. ಕೀಟನ್ ಈ ಚಿತ್ರದಲ್ಲಿ ಆ ಲೋಕದ ಬಾಗಿಲನ್ನು ಒಂದೆರಡು ನಿಮಿಷ ತೆರೆದು, ನಗೆಯ ಹಿಂದೆ ಬಾಕಿ ಉಳಿದಿದ್ದ ಲೆಕ್ಕವನ್ನು ತೋರಿಸಿದ. ಎರವಲು ಹೆಸರಿನಿಂದ ಪಡೆದ ಒಲವು ಸ್ವಂತ ಮೈಯ ನೋವಿನಿಂದಲೂ ಸ್ವಂತ ಬಾಯಿಯ ನಿಜದಿಂದಲೂ ತೀರಬೇಕಾದ ಸಾಲ. ತೀರಿಸಿದ ಮೇಲೆ ಬೀದಿಯಲ್ಲಿ ನಗೆಪಾಟಲಾಗಿ ನಡೆಯುವುದೂ ಒಂದು ಸ್ವಾತಂತ್ರ್ಯವೇ. ಸುಮಾರು ಒಂದು ಶತಮಾನದ ಹಿಂದಿನ ಈ ಮೂಕಿ ಚಿತ್ರವು ಹಾಸ್ಯ ಮತ್ತು ಹಿಂಸೆಯ ಸಂಬಂಧವನ್ನು ಕುರಿತು ಇಂದಿಗೂ ಕೇಳುತ್ತಿರುವ ಪ್ರಶ್ನೆಗ‍ಳು, ಕೀಟನ್‌ನ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಅದಕ್ಕೊಂದು ಸ್ಥಾನವನ್ನು ನಿಸ್ಸಂದೇಹವಾಗಿ ದೊರಕಿಸಿಕೊಡುತ್ತವೆ.